ಬಿಡುವಿನ ವೇಳೆಯ ಅಗ್ನಿಶಾಮಕ

‘ಅಗ್ನಿಶಾಮಕ’ ಎಂಬ ಶಬ್ದವನ್ನು ಕೆಂಪು ವಾಹನದ ಮೈಮೇಲೆ ನಾವೆಲ್ಲರೂ ಓದಿದ್ದೇವೆ. ಅದರ ವ್ಯುತ್ಪತ್ತಿಯನ್ನು ವಿಚಾರಿಸಿದವರು ವಿರಳ. ‘ಶಮ್’ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಅಗ್ನಿಯನ್ನು ಶಾಂತಗೊಳಿಸುವವನು ಎಂದು ಅರ್ಥ. ಆಂಗ್ಲರು ಇದೇ ಮನುಷ್ಯನನ್ನು ಬೆಂಕಿಯೊಡನೆ ಕಾದುವವನೆಂದು ಕರೆದರು. ಇವೆರಡರಲ್ಲಿ ನಮ್ಮ ಶಬ್ದವೇ ಕೆಲಸಕ್ಕೆ ಹತ್ತಿರವಾದುದೆಂದು ಅನುಭವದಿಂದ ಹೇಳಬಲ್ಲೆ. ಕಾದಲು ಹೋದವನು ಅವಸರಪಡುತ್ತಾನೆ; ಶಮನಕ್ಕೆ ಹೋದವನು ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡುತ್ತಾನೆ.

ಕನ್ನಡ ಪಂಡಿತನಿಗೂ ಬೆಂಕಿ ಆರಿಸುವ ವಿದ್ಯೆಗೂ ಏನು ಸಂಬಂಧವೆಂದು ಈ ಸಂಚಿಕೆಯ ವಾಚಕರು ಕೇಳಬಹುದು. ಉಪಾಧ್ಯಾಯ ವೃತ್ತಿಯ ಜೊತೆಜೊತೆಗೇ ಹಲವು ವರ್ಷ ಗೃಹರಕ್ಷಕ ದಳದಲ್ಲಿದ್ದು, ಅಗ್ನಿಶಾಮಕ ಠಾಣೆಯವರ ನೆರವಿಗೆ ಹೋಗಿಬಂದವನು ನಾನು. ಆ ಅಭ್ಯಾಸವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದ್ದರಿಂದ ಈ ಲೇಖನ.

ನಮ್ಮ ವಿದ್ಯಾನಗರದಿಂದ ಬಿ.ಎಚ್. ರಸ್ತೆ ಹಿಡಿದು ಹೊರಟರೆ ಅರ್ಧ ಗಂಟೆಯಲ್ಲಿ ಭದ್ರಾವತಿ. ಆ ಊರಿನ ಹಳೆಯ ಹೆಸರು ಬೆಂಕಿಪುರ. ಇದು ವಂಕಿ ಮಹರ್ಷಿಯ ಹೆಸರಿನ ವಂಕಿಪುರದಿಂದ ಬಂದಿತೆಂಬುದು ಪ್ರತೀತಿ. ವನವು ಬನವಾಗುವ, ವೀಥಿಯು ಬೀದಿಯಾಗುವ ತದ್ಭವ ನಿಯಮವನ್ನು ಬಲ್ಲವರಿಗೆ ವಕಾರವು ಬಕಾರವಾದುದು ಸೋಜಿಗವಲ್ಲ. ಉಳಿದದ್ದನ್ನು ಜನರ ನಾಲಗೆ ತನಗೆ ಪರಿಚಿತವಾದ ‘ಬೆಂಕಿ’ಯ ಕಡೆಗೆ ಎಳೆದುಕೊಂಡಿತು. ಆ ತಪ್ಪು ವ್ಯುತ್ಪತ್ತಿಯನ್ನು ಕಾಲವು ನಿಜಮಾಡಿತು. 1923ನೆಯ ಇಸವಿ ಜನವರಿ 18ರಂದು ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಆರಂಭವಾದಾಗ, ಮಲೆನಾಡಿನ ಸೌದೆಯನ್ನು ಇದ್ದಿಲು ಮಾಡಿ ಅದರ ಉರಿಯಲ್ಲಿ ಅದಿರನ್ನು ಕರಗಿಸಿದರು. ನನ್ನ ಬಾಲ್ಯದಲ್ಲಿ ರಾತ್ರಿ ಆ ದಿಕ್ಕಿನ ಆಕಾಶ ಕೆಂಪಗಾದರೆ ಹಿರಿಯರು, “ಬೆಂಕಿಪುರ ಎಚ್ಚರವಾಗಿದೆ” ಎನ್ನುತ್ತಿದ್ದರು. ಅದು ಹತೋಟಿಯಲ್ಲಿದ್ದ ಬೆಂಕಿ. ಹತೋಟಿ ತಪ್ಪಿದ ಬೆಂಕಿಯನ್ನು ನಾನು ಹತ್ತಿರದಿಂದ ನೋಡಿದ್ದು 1998ರ ಮಾರ್ಚ್ ತಿಂಗಳಲ್ಲಿ.

ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಗೆ ಬಂಧುಗಳ ಮನೆಯ ಕಾರ್ಯಕ್ಕೆ ಹೋಗಿದ್ದೆ. ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕೇರಿಯ ತುದಿಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ನೂರು ಮಂದಿ ಓಡಿದರು. ಬಾವಿಯಲ್ಲಿ ನೀರಿತ್ತು, ಕೊಡಗಳಿದ್ದುವು, ಧೈರ್ಯಕ್ಕಂತೂ ಕೊರತೆಯೇ ಇರಲಿಲ್ಲ. ಆದರೆ ಒಬ್ಬರ ಕೊಡ ಇನ್ನೊಬ್ಬರ ಮೊಣಕೈಗೆ ತಾಗಿ ನೀರು ದಾರಿಯಲ್ಲೇ ಚೆಲ್ಲಿಹೋಯಿತು. ಎರಚಿದ ನೀರು ಬಣವೆಯ ಹೊರಮೈಯನ್ನು ನೆನೆಸಿತು. ಉರಿ ಒಳಗೇ ಕುಳಿತಿತ್ತು. ಒಂದು ಬಣವೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಪಕ್ಕದ ಕೊಟ್ಟಿಗೆಯ ಸೋಗೆಗೆ ಅದು ಹಾಯಿತು. ಕೊಟ್ಟಿಗೆಯಲ್ಲಿ ಎರಡು ಎತ್ತು, ಒಂದು ಹಸು, ಒಂದು ಕರು ಕಟ್ಟಿದ್ದುವು. ನಾವು ಅಷ್ಟು ಜನರೂ ಬೆಂಕಿಯನ್ನು ನೋಡುತ್ತಿದ್ದೆವೇ ಹೊರತು ಹಗ್ಗಗಳನ್ನು ಕೊಯ್ಯಬೇಕೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದಾಗ ಕೈಯಲ್ಲಿ ಕುಡುಗೋಲಿರಲಿಲ್ಲ. ಕುಡುಗೋಲು ತರುವಷ್ಟರಲ್ಲಿ ಒಳಗೆ ಹೋಗುವಂತಿರಲಿಲ್ಲ. ಪಟ್ಟಣದಿಂದ ವಾಹನ ಬಂದು ಉಳಿದ ಮನೆಗಳನ್ನು ಉಳಿಸಿತು. ಆ ದನಗಳ ಕೂಗು ನಿಂತಮೇಲೆ ಮನೆಯ ಮುದುಕಿ ಯಾರನ್ನೂ ಬಯ್ಯಲಿಲ್ಲ; ಸುಮ್ಮನೆ ಕೊಡಗಳನ್ನು ಒಂದೊಂದಾಗಿ ಅವರವರಿಗೆ ಹಿಂದಿರುಗಿಸುತ್ತ ಬಂದಳು. ನನಗೂ ಒಂದು ಕೊಡ ಕೊಟ್ಟಳು. ಅದು ನನ್ನದಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಊರಿಗೆ ಬಂದಮೇಲೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದೆ. ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಾಶಾಸ್ತ್ರಿಗಳೆಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವಿದೆ. ವಿದ್ಯಾರ್ಥಿ ದೆಸೆಯಲ್ಲಿ ಅದನ್ನು ಪರೀಕ್ಷೆಗಾಗಿ ಓದಿದ್ದೆ. ಆ ಮಾರ್ಚಿಯಲ್ಲಿ ಅದು ಬೇರೆಯಾಗಿಯೇ ಓದಿಸಿಕೊಂಡಿತು. ಪ್ರತಿ ಮನೆಯವನೂ ಐದು ಗಡಿಗೆ, ಒಂದು ದೊಡ್ಡ ಕೊಡ, ನೀರಿನ ದೋಣಿ, ಏಣಿ, ಕೊಡಲಿ, ಮೊರ, ಅಂಕುಶ, ಹುಲ್ಲು ಕೀಳುವ ಇಕ್ಕುಳ, ತೊಗಲಿನ ಚೀಲ ಇವನ್ನು ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಕಾಲು ಪಣ ದಂಡ. ಬೆಂಕಿಯಿಂದ ಜೀವಿಸುವ ಕಮ್ಮಾರಾದಿಗಳನ್ನು ಒಂದೇ ಕಡೆ ಇರಿಸಬೇಕು. ಬೀದಿಗಳಲ್ಲಿ, ಚೌಕಗಳಲ್ಲಿ ನೀರಿನ ಕೊಡಗಳನ್ನು ಸಾಲಾಗಿ ಸಾವಿರಗಟ್ಟಲೆ ಇಡಬೇಕು. ಎಲ್ಲಿಯೋ ಮನೆ ಹೊತ್ತಿಕೊಂಡಾಗ ನೆರವಿಗೆ ಓಡದ ಗೃಹಸ್ಥನಿಗೆ ಹನ್ನೆರಡು ಪಣ, ಬಾಡಿಗೆಗಿರುವವನಿಗೆ ಆರು ಪಣ ದಂಡ.

ಬಾಡಿಗೆಯವನಿಗೆ ಅರ್ಧ ದಂಡವೆಂಬುದನ್ನು ಓದಿ ನಾನು, ಬಾಡಿಗೆ ಮನೆಯವನು, ಸ್ವಲ್ಪ ಸಮಾಧಾನಪಟ್ಟುಕೊಂಡೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಲಕರಣೆಗಳ ಪಟ್ಟಿ. ಅಂಕುಶವೂ ಹುಲ್ಲು ಕೀಳುವ ಇಕ್ಕುಳವೂ ಏತಕ್ಕೆ? ಬಣವೆಯನ್ನೂ ಸೋಗೆಯನ್ನೂ ಕಿತ್ತು ಹರವಿದಲ್ಲದೆ ಒಳಗಿನ ಕೆಂಡಕ್ಕೆ ನೀರು ಮುಟ್ಟದು. ಕೊಡಲಿ ಏತಕ್ಕೆಂದು ನಾನು ಕೇಳಬೇಕಾಗಿರಲಿಲ್ಲ. ಆ ಹಳ್ಳಿಯಲ್ಲಿ ನಮಗೆ ಗೊತ್ತಿಲ್ಲದಿದ್ದುದೆಲ್ಲ ಎರಡು ಸಾವಿರ ವರ್ಷದ ಹಿಂದಿನ ಗ್ರಂಥದಲ್ಲಿತ್ತು. ನನ್ನ ಕಪಾಟಿನಲ್ಲಿಯೇ ಇತ್ತು. ಇನ್ನೊಂದು ಅಂಶವನ್ನೂ ಗಮನಿಸಬೇಕು. ಆ ಪ್ರಕರಣವು ಈ ಹೊಣೆಯನ್ನು ಹೊರಿಸುವುದು ಸಂಬಳದ ಆಳುಗಳ ಮೇಲಲ್ಲ. ನೇಕಾರ, ವರ್ತಕ, ಅಕ್ಕಸಾಲಿ ಎಲ್ಲರೂ ತಂತಮ್ಮ ಕೆಲಸವನ್ನು ಮಾಡಿಕೊಂಡೇ ಇದ್ದು ಕರೆ ಬಂದಾಗ ಏಣಿ ಹೊರಬೇಕೆಂಬುದು ಅದರ ಆಶಯ.

ಇಂದು ನಮ್ಮ ರಾಜ್ಯದಲ್ಲಿ 1964ರ ಕಾಯಿದೆಯ ಬಲದಿಂದ ನಡೆಯುವ ವ್ಯವಸ್ಥಿತವಾದ ಅಗ್ನಿಶಾಮಕ ಸೇವೆಯಿದೆ. ಅದರ ಸಿಬ್ಬಂದಿಯ ಸಾಹಸವನ್ನು ಕಣ್ಣಾರೆ ಕಂಡವನು ನಾನು. ಆದರೆ ಠಾಣೆಗಳಿರುವುದು ಪಟ್ಟಣಗಳಲ್ಲಿ. ಬೆಂಕಿ ಎಲ್ಲಿ ಬೇಕಾದರೂ ಬೀಳುತ್ತದೆ. ನಡುವಣ ದಾರಿಯನ್ನು ಯಾವ ಶೌರ್ಯವೂ ಕುಗ್ಗಿಸಲಾರದು. ಬೇರೆ ದೇಶಗಳವರು ಈ ದಾರಿಯ ತೊಡಕನ್ನು ಅನ್ಯವೃತ್ತಿಯ ಜನರಿಂದಲೇ ಬಿಡಿಸಿಕೊಂಡಿದ್ದಾರೆ. ಜರ್ಮನಿಯಲ್ಲಿ ದೊಡ್ಡ ನಗರಗಳನ್ನು ಬಿಟ್ಟರೆ ಉಳಿದೆಡೆ ಬೆಂಕಿ ಆರಿಸುವವರು ಬಹುಮಟ್ಟಿಗೆ ಸ್ವಯಂಸೇವಕರು. ಅವರ ಸಂಖ್ಯೆ ಸುಮಾರು ಹತ್ತು ಲಕ್ಷ. ಚಿಲಿ ದೇಶದಲ್ಲಿ ವೈದ್ಯನೂ ವಕೀಲನೂ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ. ಬ್ರಿಟನ್ನಿನ ಸಣ್ಣ ಊರುಗಳಲ್ಲಿ ರೊಟ್ಟಿ ಸುಡುವವನೋ ಬಡಗಿಯೋ ಠಾಣೆಯಿಂದ ಕೆಲವೇ ನಿಮಿಷಗಳ ದಾರಿಯಲ್ಲಿ ವಾಸವಾಗಿರುತ್ತಾನೆ. ಕರೆ ಬಂದೊಡನೆ ಕೈಕೆಲಸವನ್ನು ಹಾಗೆಯೇ ಬಿಟ್ಟು ಓಡುತ್ತಾನೆ. ಅವನನ್ನು ಬಿಟ್ಟುಕೊಡುವುದಾಗಿ ಅವನ ಧಣಿ ಮೊದಲೇ ಒಪ್ಪಿರುತ್ತಾನೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ನಮ್ಮಲ್ಲಿ ಅಂಥವರು ಇಲ್ಲವೇ ಇಲ್ಲವೆನ್ನಲಾಗದು. ಕಾರ್ಖಾನೆಗಳನ್ನು ನೋಡಿ: ಪ್ರತಿಯೊಬ್ಬ ಕಾರ್ಮಿಕನಿಗೂ ಬೆಂಕಿ ಬಿದ್ದಾಗ ಹೊರಬೀಳುವ ದಾರಿ ತಿಳಿದಿರಬೇಕು, ಮಾಡಬೇಕಾದ ಕ್ರಮದ ಶಿಕ್ಷಣ ದೊರೆತಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯ 38ನೆಯ ಕಲಮು ವಿಧಿಸಿತ್ತು. ಶಾಲೆಗಳಿಗೆ ಅಂಥದೊಂದು ರೂಢಿ ಬೇರೂರಲಿಲ್ಲವೆಂಬುದು ನನ್ನ ಕೊರಗು. ಕಾಡಿನ ಅಂಚಿನಲ್ಲಿ ಇನ್ನೊಂದು ಬಗೆಯವರಿದ್ದಾರೆ. ಶೆಟ್ಟಿಹಳ್ಳಿ, ಲಕ್ಕವಳ್ಳಿ ಕಡೆಯ ಕಾಡುಗಳಲ್ಲಿ ಎಲೆ ಉದುರುವ ಕಾಲಕ್ಕೆ ಅರಣ್ಯ ಇಲಾಖೆಯವರು ಹತ್ತಿರದ ಹಳ್ಳಿಗರನ್ನು ಬೆಂಕಿ ಕಾವಲುಗಾರರನ್ನಾಗಿ ನೇಮಿಸಿಕೊಳ್ಳುತ್ತಾರೆ. ಜನವರಿಯಿಂದ ಮೊದಲ ಮಳೆಯವರೆಗೆ ಇವರು ಕಾವಲುಗಾರರು. ಮಳೆ ಬಿದ್ದಮೇಲೆ ಗದ್ದೆಯವರು, ಕೂಲಿಯವರು. ಬೆಂಕಿ ರೇಖೆಯೆಂದರೆ ತರಗೆಲೆ, ಹುಲ್ಲುಗಳನ್ನು ಸವರಿ ನೆಲವನ್ನು ಬರಿದುಮಾಡಿದ ಪಟ್ಟೆ; ಉರಿ ಅಲ್ಲಿಗೆ ಬಂದು ತಿನ್ನಲು ಏನೂ ಇಲ್ಲದೆ ನಿಲ್ಲಬೇಕು. ನೀರು ಕೊಂಡೊಯ್ಯಲಾಗದ ಇಳಿಜಾರಿನಲ್ಲಿ ಇವರ ಆಯುಧ ಹಸಿಸೊಪ್ಪಿನ ಕೊಂಬೆ. ಬಡಿಯುವುದರಲ್ಲಿಯೂ ಒಂದು ರೀತಿಯುಂಟು: ಕೊಂಬೆಯನ್ನು ಮೇಲಕ್ಕೆತ್ತಿ ಹೊಡೆದರೆ ಕಿಡಿ ಹಾರುತ್ತದೆ; ಒತ್ತಿ, ಸುಟ್ಟ ನೆಲದ ಕಡೆಗೆ ಎಳೆದರೆ ಉರಿ ಸಾಯುತ್ತದೆ. ಗುಡ್ಡದ ಮೇಲೆ ಬೆಂಕಿ ಏರುಮುಖವಾಗಿ ಓಡುವುದರಿಂದ ಅದರ ಮೇಲುಗಡೆ ನಿಲ್ಲಬಾರದೆಂಬುದು ಇವರ ಮೊದಲ ಪಾಠ. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಬಳಿ ಅರಣ್ಯ ರಕ್ಷಕರೊಬ್ಬೊಬ್ಬರು ಕಾಡುಗಿಚ್ಚಿಗೆ ಬಲಿಯಾದರು. ಪೂರ್ಣಾವಧಿಯ ನೌಕರರಿಗೇ ಹೀಗಾಗುವಾಗ ಹಂಗಾಮಿನ ಕಾವಲುಗಾರನ ಜೀವಕ್ಕೆ ಎಷ್ಟು ಭದ್ರತೆಯೆಂದು ಯೋಚಿಸಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಹೊತ್ತಿದಾಗ ನಗರಗಳಿಂದ ನೂರಾರು ತರುಣರು ಧಾವಿಸಿದರು. ಅವರ ಮನಸ್ಸು ದೊಡ್ಡದು. ನನ್ನ ಮಾತು ಇಷ್ಟೇ, ಬೆಂಕಿ ಬಿದ್ದ ದಿನ ಬೆಂಕಿಯ ವಿದ್ಯೆಯನ್ನು ಕಲಿಯಲಾಗುವುದಿಲ್ಲ.

ಮೂರನೆಯವರು ಗೃಹರಕ್ಷಕರು. 1946ರ ಡಿಸೆಂಬರ್ 6ರಂದು ಮುಂಬಯಿಯಲ್ಲಿ ಆರಂಭವಾದ ಈ ದಳಕ್ಕೆ ನಮ್ಮ ರಾಜ್ಯದಲ್ಲಿ 1962ರ ಕಾಯಿದೆಯ ಆಧಾರವಿದೆ. ಇದು ಉದ್ಯೋಗವಲ್ಲ, ಬೇರೆ ಉದ್ಯೋಗವುಳ್ಳವರು ಸ್ವಇಚ್ಛೆಯಿಂದ ಬಂದು, ಕರೆದ ದಿನಕ್ಕೆ ಗೌರವಧನ ಪಡೆದು ಪೊಲೀಸರಿಗೂ ಅಗ್ನಿಶಾಮಕ ದಳದವರಿಗೂ ನೆರವಾಗುವ ಪಡೆ. ಹೊಟ್ಟೆಗಾಗಿ ಮಾಡುವ ಕಾಯಕ ಒಂದಿರಲು, ಇದು ಅದರ ಬಗಲಿನ ದಾಸೋಹವೆಂದರೆ ನಮ್ಮವರಿಗೆ ಬೇಗ ಅರ್ಥವಾದೀತು. 1968ರ ನಾಗರಿಕ ರಕ್ಷಣಾ ಕಾಯಿದೆಯಡಿಯಲ್ಲಿಯೂ ಇಂಥ ಸ್ವಯಂಸೇವಕರಿಗೆ ಅವಕಾಶವುಂಟು. 1999ರಲ್ಲಿ ನಾನು ಗೃಹರಕ್ಷಕ ದಳಕ್ಕೆ ಸೇರಿದೆ. ಪಂಚೆಯುಟ್ಟು ಪಾಠ ಹೇಳುವ ಪಂಡಿತನು ಖಾಕಿ ತೊಟ್ಟು ಕವಾಯತಿಗೆ ನಿಂತದ್ದನ್ನು ನೋಡಿ ವಿದ್ಯಾರ್ಥಿಗಳು ಮೈದಾನದ ಬೇಲಿಯಾಚೆ ಸೇರುತ್ತಿದ್ದರು. ಬಲಕ್ಕೆ ತಿರುಗೆಂದಾಗ ಎಡಕ್ಕೆ ತಿರುಗಿದ ದಿನ ಅವರಿಗಾದ ಆನಂದವನ್ನು ವರ್ಣಿಸಲಾರೆ.

ಅಲ್ಲಿ ಕಲಿತದ್ದರಲ್ಲಿ ಕೆಲವನ್ನು ಹೇಳುತ್ತೇನೆ. ನೀರಿನ ಕೊಳವೆಯ ತುದಿಯ ಹಿತ್ತಾಳೆಯ ಮೂತಿಗೆ ಅವರು ‘ಬ್ರಾಂಚ್’ ಎನ್ನುತ್ತಾರೆ. ಶಾಖೆಯೆಂಬ ಅರ್ಥದ ಶಬ್ದವು ಮೂತಿಗೆ ಹೇಗೆ ಬಂತೆಂದು ನಾನು ಚಿಂತಿಸುತ್ತಿರುವಾಗಲೇ ನೀರು ಬಂತು. ಬ್ರಾಂಚು ನನ್ನನ್ನು ಹಿಂದಕ್ಕೆ ಕೆಡವಿತು. ಒತ್ತಡದ ನೀರು ಮುಂದೆ ಚಿಮ್ಮುವಾಗ ಹಿಡಿದವನನ್ನು ಅಷ್ಟೇ ಬಲದಿಂದ ಹಿಂದೆ ತಳ್ಳುತ್ತದೆ. ಆದುದರಿಂದ ಒಬ್ಬನು ಮೂತಿಯನ್ನು ಹಿಡಿದರೆ ಇನ್ನೊಬ್ಬನು ಅವನ ಬೆನ್ನಿಗೆ ಭುಜಕೊಟ್ಟು ಕೊಳವೆಯನ್ನು ಹಿಡಿಯಬೇಕು. ಬೆನ್ನಿಗಿರುವವನಿಗೆ ಬೆಂಕಿ ಕಾಣುವುದೇ ಇಲ್ಲ. ಮುಂದಿನವನ ಹೆಗಲಿನ ಚಲನೆಯೇ ಅವನಿಗೆ ಭಾಷೆ. ನನಗೆ ಬಹುಕಾಲ ದೊರೆತದ್ದು ಆ ಎರಡನೆಯ ಸ್ಥಾನವೇ.

ಬೆಂಕಿಗೆ ಉರುವಲು, ಶಾಖ, ಗಾಳಿ ಮೂರೂ ಬೇಕು. ಮೂರರಲ್ಲಿ ಒಂದನ್ನು ಕಿತ್ತರೆ ಅದು ಆರುತ್ತದೆ. ಯಾವುದನ್ನು ಕೀಳಬೇಕೆಂಬ ವಿವೇಕವೇ ಈ ಶಾಸ್ತ್ರ. ಬೆಂಕಿಯೆಂದೊಡನೆ ನೀರು ಎಂಬುದು ನಮ್ಮ ರಕ್ತಗತವಾದ ಅಭ್ಯಾಸ. ಕಟ್ಟಿಗೆಗೂ ಬಟ್ಟೆಗೂ ಅದು ಸರಿ. ಹೊತ್ತಿದ ಎಣ್ಣೆಯ ಬಾಣಲೆಗೆ ನೀರು ಹೊಯ್ದರೆ ಅದು ತಳಕ್ಕಿಳಿದು, ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಎರಚುತ್ತದೆ. ಅಲ್ಲಿ ಬೇಕಾದುದು ಒಂದು ತಟ್ಟೆ. ಒಲೆಯನ್ನು ಆರಿಸಿ ಬಾಣಲೆಯ ಬಾಯಿ ಮುಚ್ಚಿದರೆ ಸಾಕು. ವಿದ್ಯುತ್ತಿನ ಬೆಂಕಿಯಾದರೆ ಮೊದಲು ಮುಖ್ಯ ಸ್ವಿಚ್ಚು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದಲ್ಲಿ ಹರಡಿ ಕುಳಿತಿರುತ್ತದೆ. ವಾಸನೆ ಬಂದರೆ ಕಿಟಕಿ ಬಾಗಿಲು ತೆರೆಯಬೇಕು, ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಹೊಗೆ ತುಂಬಿದ ಕೋಣೆಯಲ್ಲಿ ಉಸಿರಾಡುವ ಗಾಳಿ ಉಳಿದಿರುವುದು ನೆಲದ ಹತ್ತಿರ, ತೆವಳಿಯೇ ಹೊರಬರಬೇಕು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರೇ ಮದ್ದು. ಶಾಯಿ, ಅರಿಸಿನ, ಹಲ್ಲುಜ್ಜುವ ಪೇಸ್ಟು ಇವನ್ನು ಹಚ್ಚಿಕೊಂಡು ಬಂದವರ ಚರ್ಮವನ್ನು ಆಸ್ಪತ್ರೆಯವರು ಮತ್ತೆ ತೊಳೆಯಬೇಕಾದಾಗ ಆಗುವ ಯಾತನೆಯನ್ನು ನೋಡಿದ್ದೇನೆ.

ಇವೆಲ್ಲ ಒಂದು ದಿನದಲ್ಲಿ ಓದಿ ತಿಳಿಯುವ ಮಾತುಗಳು. ಕಷ್ಟವಿರುವುದು ಬೇರೆ ಕಡೆ. ಎರಡು ಕೆಲಸದವನಿಗೆ ದೇಹ ಒಂದೇ. ಒಂದು ರಾತ್ರಿ ಮರದ ಅಡ್ಡೆಯೊಂದರ ಬೆಂಕಿಗೆ ನೆರವಾಗಿ ಹೋದವನು ಬೆಳಗಿನ ಜಾವ ಐದಕ್ಕೆ ಮನೆ ಸೇರಿದೆ. ಹತ್ತಕ್ಕೆ ಎಂಟನೆಯ ತರಗತಿಯಲ್ಲಿ ಸಂಧಿ ಪ್ರಕರಣ. ‘ವಾರ್ಷಿಕೋತ್ಸವ’ ಎಂಬುದನ್ನು ಹಲಗೆಯ ಮೇಲೆ ಬಿಡಿಸಿ, ಇದು ಸವರ್ಣದೀರ್ಘವೆಂದೆ. ಮುಂದಿನ ಸಾಲಿನ ಹುಡುಗಿ ಎದ್ದುನಿಂತು, “ಗುಣಸಂಧಿ ಅಲ್ಲವೇ, ಸಾರ್?” ಎಂದಳು. ನನ್ನ ಅಂಗಿಗೆ ಇನ್ನೂ ಹೊಗೆಯ ವಾಸನೆಯಿತ್ತು. ಆ ದಿನದಿಂದ ರಾತ್ರಿ ಕರೆಗೆ ಹೋದ ಮರುದಿನ ವ್ಯಾಕರಣವನ್ನು ಮುಟ್ಟದೆ ಪದ್ಯ ಓದಿಸುವ ವ್ರತವನ್ನು ಹಿಡಿದೆ. ಮನೆಯಲ್ಲಿಯೂ ಬೆಲೆ ತೆರಬೇಕಾಗುತ್ತದೆ. ನಾನು ಹೊರಟ ರಾತ್ರಿಗಳಲ್ಲಿ ನನ್ನಾಕೆ ಮಲಗುತ್ತಿರಲಿಲ್ಲ, ಬೇಡವೆಂದೂ ಅನ್ನುತ್ತಿರಲಿಲ್ಲ. ಮಗ ಚಿಕ್ಕವನಿದ್ದಾಗ ಅವನಿಗೆ ಮೂರು ದಿನ ಜ್ವರವಿತ್ತು. ಕರೆ ಬಂದರೂ ನಾನು ಹೋಗಲಿಲ್ಲ. ಅದನ್ನು ತಪ್ಪೆಂದು ನಾನು ತಿಳಿದಿಲ್ಲ. ಅಂಥ ದಿನ ಹೋಗಲು ಇನ್ನೊಬ್ಬನಿರಬೇಕು. ಅದಕ್ಕೇ ಜನ ಹೆಚ್ಚಾಗಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಧಣಿಗಳ ಅನುಮತಿ. ಹಿಂದೆ ನಾನು ಕೆಲಸಮಾಡುತ್ತಿದ್ದ ಒಂದು ಸಂಸ್ಥೆಯಲ್ಲಿ, ಕರೆಗೆ ಹೋಗಿ ಎರಡು ಪಾಠ ತಪ್ಪಿದ್ದಕ್ಕೆ ಒಂದು ದಿನದ ಸಂಬಳ ಕಡಿದರು. ಹಣ ಹೋದದ್ದಕ್ಕೆ ದುಃಖವಾಗಲಿಲ್ಲ. ನೋಟೀಸಿನಲ್ಲಿ ‘ಸ್ವಂತ ಕೆಲಸದ ನಿಮಿತ್ತ ಗೈರುಹಾಜರಿ’ ಎಂದು ಬರೆದಿದ್ದರು. ಆ ‘ಸ್ವಂತ’ ಎಂಬ ಶಬ್ದ ನನ್ನನ್ನು ಬಹಳ ದಿನ ಕಾಡಿತು. ನಮ್ಮೊಡನೆ ಕಲಿತ ಒಬ್ಬ ದರ್ಜಿ, ಒಬ್ಬ ಬ್ಯಾಂಕ್ ಗುಮಾಸ್ತ, ಒಬ್ಬ ಲಾರಿ ಮೆಕ್ಯಾನಿಕ್, ಎಲ್ಲರೂ ಉತ್ಸಾಹಿಗಳೇ. ಗುಮಾಸ್ತನು ಎರಡು ವರ್ಷಕ್ಕೆ ಬಿಟ್ಟನು. ಮೆಕ್ಯಾನಿಕ್ಕನ ಯಜಮಾನ ಮಾತ್ರ, “ಹೋಗಿ ಬಾ, ಲಾರಿ ಎಲ್ಲಿಗೂ ಓಡಿಹೋಗುವುದಿಲ್ಲ” ಎನ್ನುತ್ತಿದ್ದನಂತೆ. ಕೊನೆಯವರೆಗೆ ಉಳಿದವನು ಅವನೊಬ್ಬನೇ. ಹೀಗಾಗಿ ಬ್ರಿಟನ್ನಿನ ರೊಟ್ಟಿಯವನ ಧಣಿಯನ್ನು ನೆನಪಿಡಿರೆಂದು ಮೇಲೆ ವಿಜ್ಞಾಪಿಸಿದೆ. ತರುಣರಲ್ಲಿ ತ್ಯಾಗಬುದ್ಧಿ ಕಡಿಮೆಯಾಯಿತೆಂದು ಸಭೆಗಳಲ್ಲಿ ಕೇಳುತ್ತೇವೆ. ನನ್ನ ಅನುಭವದಲ್ಲಿ ಕಡಿಮೆಯಿರುವುದು ಬಿಡುಗಡೆಯ ಚೀಟಿ.

ಈ ಮಾತು ನಮ್ಮ ಶಾಲೆಯ ಅಂಗಳಕ್ಕೇ ಬರುತ್ತದೆ. ವಾಚಕರು ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವುದು ಉತ್ಸವದ ಚಪ್ಪರದಡಿಯಲ್ಲಿ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್‌ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಚಪ್ಪರದ ಬಟ್ಟೆ ಹೊತ್ತಿ 400ಕ್ಕೂ ಹೆಚ್ಚು ಜೀವಗಳು ಹೋದುವು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಸೋಗೆಯ ಮಾಡಿಗೆ ಹತ್ತಿ 94 ಮಕ್ಕಳು ಮಡಿದರು. ಉತ್ಸವದ ಸಂಚಿಕೆಯಲ್ಲಿ ಇವನ್ನು ಬರೆಯುವುದು ಅಮಂಗಳವೆಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಚಪ್ಪರ ಹಾಕುವ ಜಾಗದಲ್ಲಿಯೇ ಇದನ್ನು ಹೇಳಬೇಕೆಂದು ನಾನು ಹಟ ಹಿಡಿದೆ.

ಆಡಳಿತ ಮಂಡಲಿಯವರಲ್ಲಿ ನಾನು ಮಾಡಿಕೊಂಡ ಅರಿಕೆ ಚಿಕ್ಕದು. ಬೋಧಕ ಮತ್ತು ಬೋಧಕೇತರ ಸಿಬ್ಬಂದಿಯಲ್ಲಿ ಐವತ್ತರೊಳಗಿನ ವಯಸ್ಸಿನ, ದೇಹದಾರ್ಢ್ಯವುಳ್ಳ ಕೆಲವರು ಗೃಹರಕ್ಷಕ ದಳಕ್ಕೆ ಸೇರಬೇಕು. ಜಿಲ್ಲಾ ಸಮಾದೇಷ್ಟರ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಕರೆಗೆ ಹೋದ ದಿನವನ್ನು ಕರ್ತವ್ಯದ ಮೇಲಿದ್ದಂತೆ ಎಣಿಸಬೇಕು. ಹಾಜರಿ ಪುಸ್ತಕದಲ್ಲಿ ‘ಸ್ವಂತ ಕೆಲಸ’ ಎಂದು ಬರೆಯಬಾರದು. ದಾನಿಗಳಲ್ಲಿ ಯಾರಾದರೂ ನಂದಕ ಯಂತ್ರಗಳನ್ನು ಕೊಡಿಸಿದರೆ ಅವುಗಳ ಮೇಲೆ ದಾನಿಗಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮರುಪೂರಣದ ತಾರೀಖನ್ನು ಬರೆಸಬೇಕು. ಇದನ್ನು ಅವರು ಮನ್ನಿಸಬೇಕೆಂದು ಬೇಡುತ್ತೇನೆ.

ಮೊದಲನೆಯದಕ್ಕೆ ಇದುವರೆಗೆ ನಾಲ್ವರು ಹೆಸರು ಕೊಟ್ಟಿದ್ದಾರೆ: ಗಣಿತದವರು, ದೈಹಿಕ ಶಿಕ್ಷಣದವರು, ಗ್ರಂಥಪಾಲಕರು ಮತ್ತು ಪ್ರಸಾದ ನಿಲಯದ ಅಡುಗೆಯವರು. ಎರಡನೆಯದು ಮುಂದಿನ ಸಭೆಯ ಮುಂದಿದೆ. ವಯಸ್ಸು ಮೀರಿದ್ದರಿಂದ ನಾನೀಗ ದಳದಲ್ಲಿಲ್ಲ; ಕಲಿತದ್ದನ್ನು ಹೇಳಿಕೊಡಲು ವಯಸ್ಸಿನ ಅಡ್ಡಿಯಿಲ್ಲ. ಕಳೆದ ಭಾನುವಾರ ಚಪ್ಪರದ ಕಂಬಗಳನ್ನು ನೆಟ್ಟಾಗ ನಾವು ಐವರೂ ಹೋಗಿ ಹೊರಹೋಗುವ ದಾರಿಗಳನ್ನು ಅಳೆದೆವು. ಗಂಡಸರ ಕಡೆ ಎರಡು, ಹೆಂಗಸರು ಮಕ್ಕಳ ಕಡೆ ಒಂದೇ ಇತ್ತು. ಗುತ್ತಿಗೆದಾರನಿಗೆ ಹೇಳಿ ಆ ಕಡೆ ಇನ್ನೆರಡನ್ನು ಬಿಡಿಸಿದೆವು. ಕಟ್ಟಿದ್ದ ಹಗ್ಗವನ್ನು ಬಿಚ್ಚುವುದು ತಡವಾದ್ದರಿಂದ ಅಡುಗೆಯವರು ತಮ್ಮ ಕುಡುಗೋಲನ್ನು ತಂದು ಕೊಯ್ದರು.